ಬರಿತಲೆಯಪ್ಪನ ಗುಡ್ಡ

ನಮ್ಮೂರಿನ ಮೂಡಲಿಗಿರುವ ಗುಡ್ಡದ ನೆತ್ತಿಯಲ್ಲಿ ಒಂದು ಸಣ್ಣ ಕಲ್ಲುಗುಡಿ ಇದೆ. ಒಳಗಿನ ಲಿಂಗಕ್ಕೆ ದಿನವೂ ನೀರೆರೆಯುತ್ತಾರೆ, ದೀಪ ಹಚ್ಚುತ್ತಾರೆ. ಹೂವಿನ ಒಂದು ಎಸಳನ್ನೂ ಏರಿಸುವುದಿಲ್ಲ. ಅದಕ್ಕೇ ಅವನು ಬರಿತಲೆಯಪ್ಪ. ಪೇಟೆಯಿಂದ ಮಾರುಗಟ್ಟಲೆ ಹಾರ ತಂದವರನ್ನು ಪೂಜಾರಿ ಮೆಟ್ಟಿಲಲ್ಲೇ ತಡೆಯುತ್ತಾನೆ. ಅವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ, ಹೂವಿನಿಂದ ಈ ಊರು ಪಟ್ಟ ಪಾಡು ಅವರಿಗೇನು ಗೊತ್ತು? ಗುಡಿಯ ಸುತ್ತ ಮೊಣಕಾಲೆತ್ತರ ತುಂಬೆ ಬೆಳೆದಿದೆ. ಬಿಳಿಯ ಹೂವಿನ ಮೇಲೆ ಜೇನು ಬಿಡುವಿಲ್ಲದೆ ಗುಂಯ್‌ಗುಡುತ್ತದೆ. ಯಾರೂ ಕೀಳುವುದಿಲ್ಲ.

ಹಿಂದೆ ಒಮ್ಮೆ ಈ ಊರಿನವರು ಕುಂಬಳ ಬೆಳೆದೇ ಬದುಕುತ್ತಿದ್ದರು ಎನ್ನುತ್ತಾರೆ. ಒಂದು ವರ್ಷ ಬಳ್ಳಿ ತುಂಬ ಹೂ ಬಿಟ್ಟರೂ ಹೀಚುಗಳು ಹಳದಿಯಾಗಿ ಉದುರಿದವು. ಶಿವ ಮುನಿದಿದ್ದಾನೆಂದು ಊರ ಯಜಮಾನ ಮುದ್ದಯ್ಯ ಲಕ್ಷ ತುಂಬೆಹೂವಿನ ಹರಕೆ ಹೊತ್ತ. ಒಂದೊಂದೇ ಹೂ ಬಿಡಿಸುವ ತಾಳ್ಮೆ ಯಾರಿಗಿತ್ತು? ಗುಡ್ಡ, ಬದು, ಹಿತ್ತಿಲೆಲ್ಲ ಸುತ್ತಿ, ಬೀಜ ಕಟ್ಟುವ ಗೊಂಡೆ ಸಮೇತ ಚಿವುಟಿ ತಂದು ಸುರಿದರು. ಮರುವರ್ಷ ಹೀಚು ಇನ್ನೂ ಹೆಚ್ಚು ಉದುರಿತು. ಹರಕೆ ಎರಡು ಲಕ್ಷವಾಯಿತು. ಮೂರನೆಯ ವರ್ಷ ಮನೆಮನೆಯ ಕೊನೆಯ ಬೀಜವನ್ನೂ ಮಣ್ಣಿಗೆ ಹಾಕಿದ್ದಾಯಿತು. ಈ ಸಲವೂ ಕಾಯಿ ಕಚ್ಚದಿದ್ದರೆ ಮುಂದೆ ಬಿತ್ತಲು ಏನೂ ಇರಲಿಲ್ಲ.

ಆಗ ತಿಪ್ಪಕ್ಕನೆಂಬ ಎಳೆಯ ತಾಯಿಯ ಹಿತ್ತಿಲಲ್ಲಿ ಮಾತ್ರ ಒಂದು ಮಡಿ ತುಂಬೆ ಉಳಿದಿತ್ತು. ಕೂಸಿನ ಕಫಕ್ಕೆ ಎಲೆಯ ರಸ ಹಿಂಡಲೆಂದು ಅವಳೇ ಬಿತ್ತಿ ಬೆಳೆಸಿದ್ದು. ತುಂಬೆಗೆ ಬಂದ ಜೇನು ಪಕ್ಕದ ಕುಂಬಳದ ಹೂವನ್ನೂ ಹೊಕ್ಕು, ಮೈಗೆಲ್ಲ ಹಳದಿ ಪುಡಿ ಮೆತ್ತಿಕೊಂಡು ಹೊರಬರುವುದನ್ನು ಅವಳು ಕೂಸನ್ನು ಎತ್ತಿಕೊಂಡು ದಿನವೂ ನೋಡುತ್ತಿದ್ದಳು. ಇಡೀ ಊರಿನಲ್ಲಿ ಅವಳ ಬಳ್ಳಿಯೊಂದರಲ್ಲೇ ಐದು ಕಾಯಿ ನಿಂತಿದ್ದವು. ಹರಕೆ ತೀರಿಸಬೇಕಾದ ಕಡೆಯ ಸೋಮವಾರ ಮುದ್ದಯ್ಯ ಆಳುಗಳೊಂದಿಗೆ ಬಂದ.

"ಹರಕೆಗೆ ಇನ್ನೊಂದು ಮೊರ ಹೂವು ಕಮ್ಮಿ ಐತೆ ಕಣಮ್ಮಿ. ನಿಂದೂ ಕೊಡು."

"ಹೂ ಹೋದ್ರೆ ಜೇನು ಹೋಗ್ತೈತೆ, ಜೇನು ಹೋದ್ರೆ ಕಾಯಿ ಹೋಗ್ತೈತೆ ಯಜಮಾನಪ್ಪ. ಆಮೇಲೆ ಶಿವನಿಗೆ ಎಡೆ ಏನಿಕ್ತೀಯ, ನಿನ್ನ ಮೀಸೇನಾ?"

ಆಳುಗಳು ಕಿಸಕ್ಕನೆ ನಕ್ಕರು. ಆದರೂ ಗಿಡ ಸಮೇತ ಕಿತ್ತುಕೊಂಡೇ ಹೋದರು.

ಗುಡಿಯ ಹಿಂದೆ ಮೂರು ವರ್ಷದ ನಿರ್ಮಾಲ್ಯ, ದೇವರ ಮೇಲಿಂದ ಇಳಿಸಿದ ಹೂವು, ಗುಡ್ಡೆಬಿದ್ದಿತ್ತು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಮರುದಿನ ತಿಪ್ಪಕ್ಕ ಅದರ ಮುಂದೆ ಕುಳಿತು, ಒಣಗಿದ ಗೊಂಡೆಗಳನ್ನು ಅಂಗೈಯಲ್ಲಿ ತಿಕ್ಕಿ, ಉದುರಿದ ಸಣ್ಣ ಬೀಜವನ್ನು ಮಡಿಲಿಗೆ ತುಂಬಿಕೊಂಡು ಗುಡ್ಡಕ್ಕೂ ಬದುಗಳಿಗೂ ಎರಚಿದಳು. ನಿರ್ಮಾಲ್ಯ ಕೆಡಿಸಿದವಳೆಂದು ಊರು ಅವಳಿಗೆ ನೀರು, ಬೆಂಕಿ ನಿಲ್ಲಿಸಿತು. ಕೂಸಿನ ಕಫ ಹೆಚ್ಚಿತು. ಹಿಂಡಲು ತುಂಬೆಯ ಒಂದು ಎಲೆಯೂ ಸಿಗಲಿಲ್ಲ. ಒಂದು ಬೆಳಿಗ್ಗೆ ಅವಳು ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಗುಡ್ಡದ ಆಚೆ ಬದಿಗೆ ಇಳಿದುಹೋದಳು.

ಹಿತ್ತಿಲಲ್ಲಿ ಐದು ಕುಂಬಳವೂ ಬಲಿತು ಮಲಗಿದ್ದವು. ಒಂದನ್ನೂ ಅವಳು ಒಯ್ದಿರಲಿಲ್ಲ. ಊರಿಗೆ ಉಳಿದ ಬೀಜ ಅಷ್ಟೇ. ನಾಚಿಕೆಯಿಲ್ಲದೆ ಅದನ್ನೇ ಹಂಚಿಕೊಂಡು ಬಿತ್ತಿದರು. ಮಳೆಗೆ ಅವಳು ಎರಚಿದ ತುಂಬೆ ಎಲ್ಲೆಲ್ಲೂ ಎದ್ದು ಹೂಬಿಟ್ಟಿತು, ಜೇನು ಬಂತು, ಕಾಯಿ ನಿಂತಿತು. ಮುದ್ದಯ್ಯ ಏಳೂರು ಅಲೆದ. ಅವಳ ಸುಳಿವು ಸಿಗಲಿಲ್ಲ. ಕೂಸು ಬದುಕಿತೋ ಇಲ್ಲವೋ, ಇಂದಿಗೂ ಹೇಳುವವರಿಲ್ಲ. ಮರಳಿ ಬಂದವನು ಲಿಂಗದ ತಲೆಯ ಮೇಲಿದ್ದ ಹೂವನ್ನೆಲ್ಲ ತನ್ನ ಕೈಯಾರೆ ತೆಗೆದು, "ಇದನ್ನ ಕೇಳ್ದೋನು ನೀನಲ್ಲ ಕಣಪ್ಪ, ನಾನು" ಎಂದನಂತೆ.

ಇಂದಿಗೂ ವರ್ಷದ ಮೊದಲ ಕುಂಬಳವನ್ನು ಮುದ್ದಯ್ಯನ ವಂಶದವರು ಹೊತ್ತು ತಂದು ಗುಡಿಯ ಹೊರಗಿನ ಚಪ್ಪಡಿಯ ಮೇಲಿಡುತ್ತಾರೆ. ದೇವರ ಎದುರಿಗಲ್ಲ, ಅವಳು ಇಳಿದುಹೋದ ದಾರಿಯ ಕಡೆಗೆ. ಗೊತ್ತಿಲ್ಲದವರು ಪ್ರಸಾದವೆಂದು ಕೈಹಾಕಿದರೆ ಪೂಜಾರಿ ಕೂಗುತ್ತಾನೆ: "ಮುಟ್ಟಬ್ಯಾಡಿ, ಅದು ತಿಪ್ಪಕ್ಕಂದು. ಬಂದ್ರೆ ತಗೊಳ್ಳಲಿ ಅಂತ ಇಟ್ಟಿರೋದು." ಇದುವರೆಗೆ ಪ್ರತಿ ವರ್ಷವೂ ಅದು ಅಲ್ಲೇ ಕೊಳೆತಿದೆ.