ಚಿಪ್ಪಕ್ಕನ ಬಿಲ ಮತ್ತು ಬಾಯಿಬಿಡದ ಸಭೆ

ಒಂದು ಕಾಡಿನಲ್ಲಿ ಎಲ್ಲರಿಗೂ ಎಲ್ಲದರ ಬಗ್ಗೆಯೂ ಅಭಿಪ್ರಾಯವಿತ್ತು. ಮೇಯುವಾಗ ಇತ್ತು, ನೀರಿಗೆ ಹೋಗುವಾಗ ಇತ್ತು, ಮನೆಗೆ ಹಿಂದಿರುಗುವಾಗಲಂತೂ ಬಲು ಜೋರಾಗಿ ಇತ್ತು. ಆಲದ ಮರದ ಕೆಳಗೆ ಪಂಚಾಯಿತಿ ಸೇರಿದಾಗ ಮಾತ್ರ ಒಬ್ಬರಿಗೂ ಇರುತ್ತಿರಲಿಲ್ಲ. ಆ ಪಂಚಾಯಿತಿಗೆ ಒಂದು ಮುದಿ ಕರಡಿ ಅಧ್ಯಕ್ಷ. ಸಭೆ ಬೇಗ ಮುಗಿದರೆ ಸಾಕು, ಮಲಗಬಹುದು ಎನ್ನುವುದೇ ಅದರ ಆಡಳಿತ. ಉಳಿದ ಕೆಲಸವನ್ನೆಲ್ಲ ಒಂದು ನರಿ ನೋಡಿಕೊಳ್ಳುತ್ತಿತ್ತು. ಇಂಥ ಪಂಚಾಯಿತಿ ಇದ್ದ ಕಡೆ ಉಳಿದ ಕೆಲಸ ನೋಡಿಕೊಳ್ಳಲು ಒಂದು ನರಿ ಇದ್ದೇ ಇರುತ್ತದೆ.

ನರಿ ಇದ್ದದ್ದು ಹಳ್ಳದ ಪಕ್ಕದಲ್ಲಿ ಯಾರೋ ಬಿಟ್ಟುಹೋದ ಬಿಲದಲ್ಲಿ. ಮಳೆ ಬಂದರೆ ಒಳಗೆಲ್ಲ ನೀರು. ಬೇರೆ ಬಿಲ ತೋಡೋಣವೆಂದರೆ ಮೈಗಳ್ಳತನ. ಅದೇ ಕಾಡಿನ ಗುಡ್ಡದ ಮೇಲೆ ಒಂದು ಚಿಪ್ಪುಹಂದಿ ಇತ್ತು. ಎಲ್ಲರೂ ಅವಳನ್ನು ಚಿಪ್ಪಕ್ಕ ಎಂದು ಕರೆಯುತ್ತಿದ್ದರು. ಇರುವೆ, ಗೆದ್ದಲು ತಿಂದುಕೊಂಡು ತನ್ನ ಪಾಡಿಗೆ ತಾನಿದ್ದ ಸಾಧು ಪ್ರಾಣಿ. ಬೇಸಿಗೆಯಿಡೀ ಉಗುರು ಸವೆಸಿ ಆಳವಾದ ಬೆಚ್ಚನೆಯ ಬಿಲವೊಂದನ್ನು ತೋಡಿಕೊಂಡಿದ್ದಳು. ಆಗಷ್ಟೇ ಒಂದು ಮರಿ ಹುಟ್ಟಿತ್ತು. ಅದು ಅಮ್ಮನ ಬಾಲ ಹಿಡಿದುಕೊಂಡೇ ಊರು ಸುತ್ತುತ್ತಿತ್ತು. ಚಿಪ್ಪಕ್ಕನಿಗೆ ಹೆದರಿಕೆಯಾದರೆ ಮರಿಯನ್ನು ಹೊಟ್ಟೆಗೆ ಅವಚಿಕೊಂಡು ಉಂಡೆಯಾಗಿ ಸುತ್ತಿಕೊಂಡುಬಿಡುತ್ತಿದ್ದಳು. ಆಮೇಲೆ ಅವಳ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ.

ನರಿಯ ಕಣ್ಣು ಆ ಬಿಲದ ಮೇಲೆ ಬಿತ್ತು. ಸುಮ್ಮನೆ ಕಿತ್ತುಕೊಂಡರೆ ಕಳ್ಳ ಎನ್ನುತ್ತಾರೆ. ಕಾನೂನು ಮಾಡಿ ಕಿತ್ತುಕೊಂಡರೆ ಮುಖಂಡ ಎನ್ನುತ್ತಾರೆ. ನರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಅದು ಮನೆಮನೆಗೂ ಹೋಗಿ ಅಭಿಪ್ರಾಯ ಕೇಳತೊಡಗಿತು.

"ಕೋಣಣ್ಣ, ನಮ್ಮ ಕಾಡು ಉದ್ಧಾರ ಆಗ್ಬೇಕೋ ಬೇಡ್ವೋ?"

"ಆಗ್ಲೇಬೇಕಪ್ಪ" ಎಂದಿತು ಕಾಡುಕೋಣ.

"ಮೊಲಮ್ಮ, ಮಳೇಲಿ ಯಾರೂ ನೆನೀಬಾರ್ದು ಅಲ್ವೇ?"

"ಅಯ್ಯೋ, ಯಾಕೆ ನೆನೀಬೇಕು?" ಎಂದಿತು ಮೊಲ.

"ಸರಿ ಹಾಗಾದ್ರೆ, ನೀವೆಲ್ಲಾ ನನ್ನ ಪರ" ಎಂದು ನರಿ ಮುಂದಕ್ಕೆ ನಡೆಯಿತು. ಯಾವುದರ ಪರ ಎಂದು ಒಬ್ಬರೂ ಕೇಳಲಿಲ್ಲ. ತಮ್ಮನ್ನೂ ಒಬ್ಬರು ಕೇಳಿದರಲ್ಲ ಎಂಬ ಹೆಮ್ಮೆಯಲ್ಲಿದ್ದರು.

ಮಳೆಗಾಲದ ಮೊದಲು ಸಭೆ ಸೇರಿತು. ನರಿ ಗಂಟಲು ಸರಿಮಾಡಿಕೊಂಡು ಹೇಳಿತು: "ಇನ್ಮುಂದೆ ಗುಡ್ಡದ ಬಿಲಗಳೆಲ್ಲ ಸಾರ್ವಜನಿಕ ಆಸ್ತಿ. ಅಲ್ಲಿ ಯಾರಿರ್ಬೇಕು ಅನ್ನೋದನ್ನ ಪಂಚಾಯಿತಿ ಪರವಾಗಿ ನಾನೇ ನೋಡ್ಕೋತೀನಿ. ಇದು ಇಡೀ ಕಾಡಿನ ಅಭಿಪ್ರಾಯ. ಒಪ್ಪದೇ ಇರೋರು ಈಗ್ಲೇ ಬಾಯಿಬಿಟ್ಟು ಹೇಳಿ. ಮೌನಂ ಸಮ್ಮತಿ ಲಕ್ಷಣಂ ಅಂತ ದೊಡ್ಡೋರೇ ಹೇಳಿದಾರೆ."

ಗುಡ್ಡದ ಮೇಲೆ ಇದ್ದದ್ದೇ ಒಂದು ಬಿಲ. ಅದು ಎಲ್ಲರಿಗೂ ಗೊತ್ತಿತ್ತು. ಆದರೂ ಕಾಡುಕೋಣ 'ಬೇರೆ ಯಾರಾದ್ರೂ ಹೇಳ್ತಾರೆ ಬಿಡು' ಎಂದುಕೊಂಡು ಮೆಲುಕು ಹಾಕುತ್ತ ಕುಳಿತಿತು. ಅದರ ಕೊಂಬಿಗೆ ಹತ್ತು ನರಿ ಸಾಲದು. ನಾಲಿಗೆಗೆ ಮಾತ್ರ ಒಂದು ನರಿಯೂ ಹೆಚ್ಚಾಯಿತು. ನವಿಲು ಗರಿ ತಿದ್ದಿಕೊಂಡಿತು. ಮೊಲ ಹೇಗೋ ಧೈರ್ಯ ಮಾಡಿ ತಲೆಯನ್ನು ಅಡ್ಡಡ್ಡ ಆಡಿಸಿತು.

"ತಲೆ ಆಡಿಸಿದ್ದೆಲ್ಲ ಲೆಕ್ಕಕ್ಕಿಲ್ಲ. ಇದು ಸಭೆ. ಬಾಯಲ್ಲಿ ಹೇಳ್ಬೇಕು" ಎಂದಿತು ನರಿ. ಮೊಲದ ತಲೆ ಅಲ್ಲಿಗೇ ನಿಂತಿತು.

ನರಿ ಚಿಪ್ಪಕ್ಕನ ಕಡೆ ತಿರುಗಿ ಮೆಲ್ಲಗೆ ಹಲ್ಲು ತೋರಿಸಿತು. ಚಿಪ್ಪಕ್ಕ ಉಂಡೆಯಾದಳು.

"ನೋಡಿದ್ರಾ? ಸ್ವತಃ ಬಿಲದೋರದೇ ತಕರಾರಿಲ್ಲ!"

ಕರಡಿ ಆಕಳಿಸಿ, "ಪಾಸು" ಎಂದಿತು.

ಸಭೆ ಮುಗಿಸಿ ಹೋಗುವಾಗ ನೋಡಬೇಕಿತ್ತು ಇವರ ಪೌರುಷವನ್ನು! "ಇದು ಅನ್ಯಾಯ ಕಣ್ರೀ" ಎಂದು ಕಾಡುಕೋಣ ಗುಟುರು ಹಾಕಿತು. "ನಾನಾಗಿದ್ರೆ ಬಿಡ್ತಾನೇ ಇರ್ಲಿಲ್ಲ" ಎಂದಿತು ನವಿಲು. ಸಭೆಯಲ್ಲಿ ಅದು ಕುಳಿತಿದ್ದು ಚಿಪ್ಪಕ್ಕನ ಪಕ್ಕದಲ್ಲೇ. ಥೂ, ಇಂಥ ಬಾಯಿಗಳಿದ್ದರೆಷ್ಟು ಬಿಟ್ಟರೆಷ್ಟು!

ನರಿ ಗುಡ್ಡದ ಬಿಲಕ್ಕೆ ಹೋಗಿ ಕಾಲು ಚಾಚಿ ಮಲಗಿತು. ಮಳೆ ಹಿಡಿಯಿತು. ಚಿಪ್ಪಕ್ಕ ಒಂದು ಮರದ ಬೇರಿನ ಸಂದಿಯಲ್ಲಿ ಮರಿಯನ್ನು ಅವಚಿಕೊಂಡು ಕುಳಿತಳು. ಮೇಲಿನಿಂದಲೂ ನೀರು, ಕೆಳಗಿನಿಂದಲೂ ನೀರು. ಮರಿಗೆ ಕೆಮ್ಮು ಹತ್ತಿತು. ಹಾದುಹೋಗುವವರೆಲ್ಲ ನಿಂತು "ಪಾಪ, ಪಾಪ" ಎಂದು ಲೊಚಗುಟ್ಟಿದರು. ಲೊಚಗುಟ್ಟಿದರೆ ಮರಿಯ ಮೈ ಒಣಗುತ್ತದೆಯೇ?

ಇತ್ತ ನರಿಗೆ ತಿಳಿಯದ ಸಂಗತಿಯೊಂದಿತ್ತು. ಚಿಪ್ಪಕ್ಕ ಇದ್ದಷ್ಟು ದಿನ ಆ ಗುಡ್ಡದ ಹತ್ತಿರ ಒಂದು ಇರುವೆಯೂ ಸುಳಿಯುತ್ತಿರಲಿಲ್ಲ. ಈಗ ತಿನ್ನುವವಳು ಇರಲಿಲ್ಲ. ನೆಲವೆಲ್ಲ ನೆನೆದಾಗ ಕೆಂಪಿರುವೆಗಳು ಒಣಜಾಗ ಹುಡುಕುತ್ತ ಸಾಲುಗಟ್ಟಿ ಆ ಬಿಲಕ್ಕೇ ನುಗ್ಗಿದವು. ನರಿ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿತ್ತು. ಇರುವೆಗಳು ತುಟಿ ಬಿಡಲಿಲ್ಲ, ನಾಲಿಗೆ ಬಿಡಲಿಲ್ಲ. ನರಿ ಹೊರಳಾಡಿಕೊಂಡು ಆಚೆ ಬರುವಷ್ಟರಲ್ಲಿ ಅದರ ಮೂತಿ ಬದನೆಕಾಯಿಯಂತೆ ಊದಿತ್ತು. ನಾಲಿಗೆ ಮರಗಟ್ಟಿ ಒಂದು ಅಕ್ಷರವೂ ಹೊರಡದಾಯಿತು.

ಅಂದೇ ಪಂಚಾಯಿತಿ ಸಭೆ. ಕರೆದಿದ್ದೂ ನರಿಯೇ. ಜಿಂಕೆಗಳು ಉಪ್ಪುಮಣ್ಣು ನೆಕ್ಕುವ ಜಾಗವನ್ನೂ ಸಾರ್ವಜನಿಕ ಮಾಡಿ ನುಂಗುವ ಆಸೆ ಅದಕ್ಕೆ. ಹೋಗದಿದ್ದರೆ ದರ್ಬಾರು ಕೈತಪ್ಪೀತೆಂದು ಮೂತಿ ತಗ್ಗಿಸಿಕೊಂಡೇ ಬಂದು ಕುಳಿತಿತು.

"ಏನಪ್ಪ ಇವತ್ತಿನ ವಿಷಯ? ಬೇಗ ಹೇಳಿ ಮುಗ್ಸು" ಎಂದಿತು ಕರಡಿ.

ನರಿ ಬಾಯಿ ತೆರೆಯಿತು. ಜೊಲ್ಲು ಸುರಿಯಿತು. ಸಿಟ್ಟಿನಿಂದ ಅತ್ತಿತ್ತ ನೋಡಿ ಚಿಪ್ಪಕ್ಕನನ್ನು ಗುರಾಯಿಸಿತು. ಚಿಪ್ಪಕ್ಕ ಹೆದರಿ ಬೆನ್ನು ಬಗ್ಗಿಸಿದಳು. ಅಷ್ಟರಲ್ಲಿ ಹೊಟ್ಟೆಯ ಅಡಿಯಲ್ಲಿ ಮರಿ ಕೆಮ್ಮಿತು. ಅದನ್ನು ಕೇಳಿ ಅವಳಿಗೆ ಎಲ್ಲಿತ್ತೋ ರೋಷ, ನೆಟ್ಟಗೆ ಎದ್ದು ನಿಂತಳು.

"ವಿಷಯ ನಾನ್ ಹೇಳ್ತೀನಿ" ಎಂದಳು. "ಆ ಬಿಲ ತೋಡಿದ್ದು ನಾನು. ಅದು ನಂಗೆ ವಾಪಸ್ ಬರ್ಬೇಕು. ನರಿ ಈ ಕಾಡು ಬಿಟ್ಟು ಹೋಗ್ಬೇಕು. ಒಪ್ಪದೇ ಇರೋರು ಬಾಯಿಬಿಟ್ಟು ಹೇಳಿ."

ನರಿ ತಲೆಯನ್ನು ಅಡ್ಡಡ್ಡ ಒದರಿತು. ನೆಲ ಕೆರೆಯಿತು. ಕುಣಿಯಿತು.

"ತಲೆ ಆಡಿಸಿದ್ದು ಲೆಕ್ಕಕ್ಕಿಲ್ಲ ಅಂತ ನೀನೇ ಹೇಳಿದ್ಯಲ್ಲ!" ಎಂದಿತು ಮೊಲ. ಸಭೆಯಲ್ಲಿ ಅದು ಆಡಿದ ಮೊದಲ ಮಾತು ಅದು.

ನರಿ ತನ್ನ ಪರದವರ ಕಡೆಗೆಲ್ಲ ದೀನವಾಗಿ ನೋಡಿತು. ಕಾಡುಕೋಣ ಮೆಲುಕು ಹಾಕುತ್ತಿತ್ತು. ನವಿಲು ಗರಿ ತಿದ್ದುತ್ತಿತ್ತು. ಇವರೆಲ್ಲ ನ್ಯಾಯದ ಪರ ನಿಂತರೆಂದು ತಿಳಿಯಬೇಡಿ ಮಕ್ಕಳೇ. ಎಂದಿನಂತೆ ಸುಮ್ಮನಿದ್ದರು, ಅಷ್ಟೇ.

"ಪಾಸು" ಎಂದಿತು ಕರಡಿ.

ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದು ಎನ್ನುತ್ತಾರಲ್ಲ, ಆ ಮೈಗಳ್ಳ ನರಿ ಜೀವಮಾನದಲ್ಲಿ ತೋಡಿದ್ದು ಅದೊಂದೇ. ಬಾಲ ಮುದುರಿಕೊಂಡು ಕಾಡಿನಾಚೆ ಓಡಿತು.

ಅದು ಮರೆಯಾದದ್ದೇ ತಡ, ಎಲ್ಲರೂ ಚಿಪ್ಪಕ್ಕನ ಸುತ್ತ ಸೇರಿದರು. ಕಾಡುಕೋಣ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂತು. "ನಾನಂತೂ ಮೊದಲಿಂದ್ಲೂ ಮನಸ್ಸಿನಲ್ಲಿ ನಿನ್ನ ಪರವೇ ಇದ್ದೆ ಕಣಮ್ಮ" ಎಂದಿತು.

ಚಿಪ್ಪಕ್ಕ ಅದನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ನೀನು ಮನಸ್ಸಿನಲ್ಲಿದ್ದೆ ಕೋಣಣ್ಣ. ನನ್ನ ಮರಿ ಮಳೇಲಿತ್ತು" ಎಂದು ಹೇಳಿ, ಮರಿಯನ್ನು ಬಾಲದ ಮೇಲೆ ಕೂರಿಸಿಕೊಂಡು ಗುಡ್ಡ ಹತ್ತಿದಳು.

ನೀತಿ: ಹೇಳಬೇಕಾದ ಕಡೆ ಹೇಳದೆ ಉಳಿಸಿಕೊಂಡ ಅಭಿಪ್ರಾಯ, ಅನ್ಯಾಯಕ್ಕೆ ಕೊಟ್ಟ ಒಪ್ಪಿಗೆಯೇ ಸರಿ.