ಚಕ್ರವರ್ತಿಯ ಮೂಗು

ಕಡಲ ತೀರದ ಒಂದು ಪುಟ್ಟ ಊರಿಗೆ ರೋಮಿನ ಹಡಗು ಬಂತು. ಮೆಣಸು ಕೊಂಡ ವ್ಯಾಪಾರಿಗಳು ಬೆಳ್ಳಿ ನಾಣ್ಯ ಕೊಟ್ಟರು. ಅದರ ಮೇಲೆ ಅವರ ಚಕ್ರವರ್ತಿಯ ಮುಖ, ತಲೆಗೆ ಎಲೆಯ ಕಿರೀಟ. ಅದನ್ನು ಕಂಡು ಊರಿನ ದೊರೆ ಚೆಂದುಗನಿಗೆ ಹೊಟ್ಟೆ ಉರಿಯಿತು. ಅಕ್ಕಸಾಲಿ ಮಾಚೋಜನನ್ನು ಕರೆಸಿದ.

"ನಮ್ಮ ನಾಣ್ಯದ ಮೇಲೂ ನಮ್ಮ ಮುಖ ಬರಬೇಕು. ಹೋಲಿಕೆ ತಪ್ಪಿತೋ, ನೀನು ಊರು ಬಿಡಬೇಕು!"

ಹುಟ್ಟಿದ ಮೇಲೆ ಮಾಚೋಜ ಮನುಷ್ಯರ ಮುಖ ಕೆತ್ತಿದವನೇ ಅಲ್ಲ. ಆದರೂ ಕೈಮುಗಿದು, "ಅಪ್ಪಣೆ, ಪ್ರಭು. ಮೊದಲು ಆ ಚಕ್ರವರ್ತಿಯ ವೈಭವವನ್ನು ಸಂತೆಯಲ್ಲಿ ಒಮ್ಮೆ ನೋಡಿಬರೋಣ" ಎಂದ.

ಸಂತೆಯಲ್ಲಿ ಮೀನು ಮಾರುವ ದುಗ್ಗವ್ವನ ಕೈಗೆ ಅಂಥದೇ ನಾಣ್ಯ ಬಂದಿತ್ತು. ಬೆಳ್ಳಿ ಅಸಲಿಯೋ ಅಲ್ಲವೋ ಎಂದು ಅವಳು ಚಕ್ರವರ್ತಿಯ ಮೂಗನ್ನು ಕಟಕ್ಕನೆ ಕಚ್ಚಿದಳು. ಅವನ ಕೆನ್ನೆಯನ್ನು ಕಲ್ಲಿಗೆ ಉಜ್ಜಿದಳು. ಆಮೇಲೆ ಬಂಗುಡೆಯ ಬುಟ್ಟಿಗೆ ಎಸೆದಳು.

ದೊರೆ ಮೆಲ್ಲನೆ ತನ್ನ ಮೂಗು ಮುಟ್ಟಿ ನೋಡಿಕೊಂಡ.

"ನಾಳೆಯೇ ಶುರುಮಾಡಲೇ, ಪ್ರಭು?" ಮಾಚೋಜ ವಿನಯದಿಂದ ಕೇಳಿದ.

"ಬೇಡ, ಬೇಡ! ಆನೆ ಕೆತ್ತು. ಅದರ ಚರ್ಮ ದಪ್ಪ, ಯಾರು ಕಚ್ಚಿದರೂ ತಡೆದುಕೊಳ್ಳುತ್ತದೆ."

ಪದಕಗಳ ಮೇಲೆ ಆನೆ ಕೆತ್ತಿ ಕೆತ್ತಿಯೇ ತಲೆ ನರೆತಿದ್ದ ಮಾಚೋಜ ಹಾಯಾಗಿ ಮನೆಗೆ ಹೋದ.