ಬಂದೆನೆಂಬ ದಿಬ್ಬ

ನೈಲ್ ನದಿಯ ಪಡುವಣ ದಡದಲ್ಲಿ ದೋಣಿ ಇಳಿದು, ಹೊಲ ದಾಟಿ, ಮರಳು ಶುರುವಾಗುವ ಕಡೆ ಒಂದು ಕುಳ್ಳ ದಿಬ್ಬವಿದೆ. ದೊಡ್ಡ ಗೋರಿಗಳನ್ನು ನೋಡಲು ಹೋಗುವವರು ಇದರತ್ತ ತಿರುಗುವುದಿಲ್ಲ. ತಿರುಗಿದರೂ ಮೊದಲ ನೋಟಕ್ಕೆ ಕಾಣುವುದು ಒಣಮಣ್ಣು, ಅದರೊಳಗೆ ಹುಲ್ಲಿನ ಎಳೆ, ಅಷ್ಟೆ. ಊರವರು ಮಾತ್ರ ಇಲ್ಲಿಗೆ ಬಂದಾಗ ಚಪ್ಪಲಿ ಬಿಡುತ್ತಾರೆ. ಇದಕ್ಕೆ ಅವರಿಟ್ಟ ಹೆಸರು ಬಂದೆನೆಂಬ ದಿಬ್ಬ.

ಹಿಂದೆ ಒಮ್ಮೆ, ಅರಸನನ್ನು ದೇವರೆಂದೇ ನಂಬಿದ್ದ ಕಾಲದಲ್ಲಿ, ಇಲ್ಲಿ ನಖ್ತಿ ಎಂಬ ಇಟ್ಟಿಗೆ ಕೊಯ್ಯುವವನಿದ್ದನಂತೆ. ಅವನ ಹೆಂಡತಿ ತಮಿತ್. ಮೂವತ್ತು ವರ್ಷ ಅವನ ಜೊತೆ ಕೆಸರು ತುಳಿದಳು, ಹುಲ್ಲು ಬೆರೆಸಿದಳು. ಮಂಡಿ ಸವೆದುಹೋಗಿತ್ತು. ಒಂದು ಬೆಳಿಗ್ಗೆ ಏಳಲಿಲ್ಲ. ಸತ್ತವರ ಗುಂಡಿಗೆಯಲ್ಲಿ ಪಾಪದ ಭಾರವಿದೆಯೇ ಎಂದು ಅದನ್ನು ಒಸಿರಿಸ್ ದೇವರ ಮುಂದೆ ಒಂದು ಗರಿಯ ಎದುರು ತೂಗುತ್ತಾರೆ ಎಂದು ಆ ಜನ ನಂಬಿದ್ದರು. ಆ ತೂಕದ ಬಗ್ಗೆ ನಖ್ತಿಗೆ ಹೆದರಿಕೆ ಇರಲಿಲ್ಲ. ಅವಳ ಗುಂಡಿಗೆ ಎಷ್ಟು ಹಗುರವೆಂದು ಅವನಿಗೆ ಗೊತ್ತಿತ್ತು. ಅವನ ಹೆದರಿಕೆ ಬೇರೆ. ದೇವರ ನಾಡಿನಲ್ಲೂ ಹೊಲವಿದೆ, ಕಾಲುವೆಯಿದೆ, ಹೊರಲು ಮರಳಿದೆ. ಹೆಸರು ಕೂಗಿದರೆ ಸತ್ತವರು ಎದ್ದು ದುಡಿಯಬೇಕು. ಅದಕ್ಕೇ ಹೆಣದ ಪಕ್ಕ ಒಂದು ಗೊಂಬೆ ಇಡುತ್ತಿದ್ದರು. ಕರೆ ಬಂದಾಗ ಸತ್ತವರ ಬದಲು ಅದು ಎದ್ದು 'ಇಗೋ ಬಂದೆ' ಎನ್ನಬೇಕು. ಗೊಂಬೆಗೆ ಸತ್ತವರದೇ ಮುಖವಿರಬೇಕು, ಇಲ್ಲದಿದ್ದರೆ ಅಲ್ಲಿ ಒಪ್ಪುವುದಿಲ್ಲ ಎನ್ನುತ್ತಿದ್ದರು.

ಕಲ್ಲಿನ ಗೊಂಬೆ ಮಾಡಿಸುವ ಶಕ್ತಿ ನಖ್ತಿಗಿರಲಿಲ್ಲ. ತನ್ನ ಇಟ್ಟಿಗೆಯ ಕೆಸರಲ್ಲೇ, ಬಿರುಕು ಬಿಡಬಾರದೆಂದು ಹುಲ್ಲು ಸೇರಿಸಿ, ತಾನೇ ಮಾಡಿದ. ಮೂರು ದಿನ ಬಿಸಿಲಿಗಿಟ್ಟ. ನಾಲ್ಕನೆಯ ದಿನ ಮಣ್ಣು ಮಾಡುವ ಹೊತ್ತಿಗೆ ತಮಿತಳ ತಂಗಿ ಅದನ್ನು ಕೈಗೆತ್ತಿಕೊಂಡು, "ಭಾವ, ಇದು ಗೊಂಬೆಯೋ, ಕಾಲು ಬಂದ ಇಟ್ಟಿಗೆಯೋ?" ಎಂದಳು. ಅಳುತ್ತಿದ್ದವಳಿಗೆ ನಗುವೂ ಬಂತು. ಆಮೇಲೆ ಸರಿಯಾಗಿ ನೋಡಿದಳು. ಮುಖ ಅಕ್ಕನದಲ್ಲ, ಭಾವನದು. ಮೂಗು ಎಲ್ಲಿ, ಕಿವಿ ಎಲ್ಲಿ ಎಂದು ಅಂದಾಜು ಸಿಗದೆ, ನಖ್ತಿ ಕೆಸರುಗೈಯಲ್ಲೇ ತನ್ನ ಮುಖ ಮುಟ್ಟಿ ಮುಟ್ಟಿ ನೋಡಿ ತಿದ್ದಿದ್ದ. ಅವನ ಕೆನ್ನೆಯ ಮೇಲೆ ಆ ಕೆಸರು ಇನ್ನೂ ಒಣಗಿ ಅಂಟಿಕೊಂಡಿತ್ತು.

ಇನ್ನೊಂದು ಮಾಡಿ ಒಣಗಿಸಲು ಹೊತ್ತಿರಲಿಲ್ಲ. ಮಂತ್ರ ಹೇಳಲು ಬಂದಿದ್ದ ಮುದಿ ಪೂಜಾರಿ ವೆನ್ನೇಫರ್ ಗೊಂಬೆಯನ್ನು ತಿರುಗಿಸಿ ನೋಡಿ, ಇದನ್ನು ಇಡಲು ಬರುವುದಿಲ್ಲ ಎಂದ. "ಅಲ್ಲಿ ಕೂಗುವುದು ಅವಳ ಹೆಸರನ್ನು. ಓಗೊಡುವವನು ನೀನಾಗುತ್ತೀಯಲ್ಲ, ನಖ್ತಿ."



"ಆಗಲಿ ಸ್ವಾಮಿ," ಎಂದ ನಖ್ತಿ. "ಮೂವತ್ತು ವರ್ಷ ನಾನು ಕೂಗಿದಾಗಲೆಲ್ಲ ಬಂದೆ ಅಂದವಳು ಅವಳು. ಮಂಡಿ ನೋಯುವಾಗಲೂ ಅಂದಳು. ಒಂದು ಸಲವಾದರೂ ನಾನು ಅನ್ನಬೇಡವೇ?"

ಪೂಜಾರಿಯ ಹೆಂಡತಿಯೂ ಇದೇ ಮರಳಿನಲ್ಲಿ ಮಲಗಿದ್ದಳು, ಅಂದವಾದ ಕಲ್ಲಿನ ಗೊಂಬೆಯ ಜೊತೆ. ಅವನು ತಾನೇ ಕುಣಿಗಿಳಿದು, ಆ ಮಣ್ಣುಗೊಂಬೆಯನ್ನು ತಮಿತಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದನಂತೆ. ಮೇಲೆ ಬಂದವನು ಮೊದಲು ಕೇಳಿದ್ದು, "ಸ್ವಲ್ಪ ಕೆಸರು ಉಳಿದಿದೆಯೇನಪ್ಪಾ?" ಎಂದು.

ಅಲ್ಲಿಂದ ಶುರುವಾದದ್ದು ನಿಂತಿಲ್ಲ. ದಿಬ್ಬದ ತುಂಬ ಹೆಬ್ಬೆರಳುದ್ದದ ಮಣ್ಣುಗೊಂಬೆಗಳು. ಹಳೆಯವು ಕರಗಿ ದಿಬ್ಬವೇ ಆಗಿವೆ, ಹೊಸವು ಮೇಲೆ ನಿಂತಿವೆ. ಒಂದರ ಮುಖ ಇನ್ನೊಂದಕ್ಕಿಲ್ಲ, ಎಲ್ಲವೂ ಗಂಡಸರ ಮುಖ. ಹೆಂಡತಿಯನ್ನು ಕಳೆದುಕೊಂಡವರು ಈಗಲೂ ಬರುತ್ತಾರೆ. ಕೆಸರುಗೈಯಲ್ಲಿ ತಮ್ಮ ಮುಖ ಮುಟ್ಟಿಕೊಂಡು ಗೊಂಬೆ ತಿದ್ದಿ ಇಡುತ್ತಾರೆ. ಅವಳ ಹೆಸರು ಹೇಳಿ, 'ಬಂದೆ' ಎಂದು ತಾವೇ ಓಗೊಡುತ್ತಾರೆ. ಸಂಜೆಯ ದೋಣಿಯಲ್ಲಿ ಹಿಂದಿರುಗುವಾಗ ಕೆನ್ನೆಯ ಕೆಸರನ್ನು ಅವರು ಯಾರೂ ತೊಳೆದುಕೊಳ್ಳುವುದಿಲ್ಲ.